ಪಿಯು ಸೈನ್ಸ್ ಬಿಟ್ಟು ಐಟಿಐ ಸೇರ್ತೀನಿ ಅಂತಾನೆ ಮಗ, ಬಿಡಿಸೋದಾ?

ಪ್ರಶ್ನೆ: ನಾವು ರಾಣೇಬೆನ್ನೂರು ತಾಲ್ಲೂಕಿನ ರೈತರು. ಮಗ ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿ ಎಸ್‌ಎಸ್‌ಎಲ್‌ಸಿಯಲ್ಲಿ ಶೇ 78 ತೆಗೆದ. ಡಾಕ್ಟರ್ ಆಗಲಿ ಅಂತ ದಾವಣಗೆರೆಯ ಖಾಸಗಿ ಕಾಲೇಜಿನಲ್ಲಿ ಪಿಸಿಎಂಬಿಗೆ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಸೇರಿಸಿದೆವು, ಜೊತೆಗೆ ನೀಟ್ ಕೋಚಿಂಗ್. ಹಾಸ್ಟೆಲ್ ಸೇರಿ ಒಂದೂವರೆ ಲಕ್ಷ ಕಟ್ಟಿದ್ದೇವೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಫೇಲಾಗಿದ್ದಾನೆ. ದೀಪಾವಳಿಗೆ ಬಂದವನು ವಾಪಸ್ ಹೋಗಲ್ಲ ಅಂತ ಕೂತಿದ್ದಾನೆ. ರಾತ್ರಿ ನಿದ್ದೆ ಇಲ್ಲ, ಊಟ ಅರ್ಧಕ್ಕೇ ಬಿಡ್ತಾನೆ. ಐಟಿಐ ಎಲೆಕ್ಟ್ರಿಷಿಯನ್ ಮಾಡ್ತೀನಿ ಅಂತಾನೆ. ಹೊಲದಲ್ಲಿ ಬೋರ್‌ವೆಲ್ ಸ್ಟಾರ್ಟರ್ ಕೈಕೊಟ್ಟರೆ ಅವನೇ ಬಿಚ್ಚಿ ಸರಿ ಮಾಡ್ತಾನೆ, ಅದು ನಿಜ. ಅವರಪ್ಪ ಮಾತ್ರ "ಐಟಿಐ ಅಂದ್ರೆ ಫೇಲಾದವರು ಹೋಗೋ ಜಾಗ" ಅಂತಾರೆ. ಈಗಲೇ ಬಿಡಿಸೋದಾ? ಕಟ್ಟಿದ ದುಡ್ಡು ಹೋಯ್ತಾ? ಮುಂದೆ ಸ್ಕಾಲರ್‌ಶಿಪ್ ಏನಾದರೂ ಸಿಗುತ್ತಾ?

ಉತ್ತರ: ಅಮ್ಮಾ, ಎಲ್ಲಕ್ಕಿಂತ ಮೊದಲು ನಿದ್ದೆ, ಊಟದ ವಿಷಯ. ಹದಿನಾರು ವರ್ಷದ ಹುಡುಗ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡದಿದ್ದರೆ ಅದನ್ನು ಸೋಮಾರಿತನ ಅನ್ನಬೇಡಿ. ಕೋರ್ಸ್ ಮಾತು ಒಂದೆರಡು ವಾರ ಪಕ್ಕಕ್ಕಿಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾಡಬಹುದು, ನೀವೂ ಮಾಡಬಹುದು. "ಬದುಕಿ ಏನು ಪ್ರಯೋಜನ" ಅನ್ನುವ ಥರದ ಮಾತು ಒಂದು ಸಲ ಬಾಯಿಂದ ಬಂದಿದ್ದರೂ ಕಾಯಬೇಡಿ, ಅದೇ ದಿನ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು, ಈಗಲೇ ಬಿಡಿಸೋದಾ ಅನ್ನುವ ಪ್ರಶ್ನೆ. ಈಗ ಬಿಡಿಸಿ ಎಲ್ಲಿಗೆ ಕಳಿಸುತ್ತೀರಿ? ಐಟಿಐಗೂ ಪಾಲಿಟೆಕ್ನಿಕ್‌ಗೂ ಪ್ರವೇಶ ಶುರುವಾಗುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ, ಮೇ ಜೂನ್ ಹೊತ್ತಿಗೆ. ಅಲ್ಲಿಯವರೆಗೆ ಯಾವ ಬಾಗಿಲೂ ತೆರೆದಿಲ್ಲ. ಇವತ್ತು ಟಿಸಿ ತಂದರೆ ಹುಡುಗ ಆರು ತಿಂಗಳು ಮನೆಯಲ್ಲಿ ಕೂರುತ್ತಾನೆ. ಹೀಗೆ ಕೂತವರಲ್ಲಿ ಎಷ್ಟೋ ಜನ ಜೂನ್‌ನಲ್ಲಿ ಎಲ್ಲಿಗೂ ಸೇರುವುದಿಲ್ಲ. ಅಷ್ಟರಲ್ಲಿ ಯಾವುದೋ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕೆಲಸಕ್ಕೆ ನಿಂತಿರುತ್ತಾರೆ, ಕೈಗೆ ಒಂದಿಷ್ಟು ದುಡ್ಡು ಬರುತ್ತಿರುತ್ತದೆ, ಮತ್ತೆ ಓದು ಬೇಡ ಅನ್ನಿಸುತ್ತದೆ.

ಹಾಗಾಗಿ ಮಾರ್ಚ್‌ವರೆಗೆ ಪಿಯು ಬಿಡಿಸಬೇಡಿ, ನೀಟ್ ಕೋಚಿಂಗ್ ಮಾತ್ರ ಈಗಲೇ ನಿಲ್ಲಿಸಿ. ನೀಟ್‌ನ 720 ಅಂಕದಲ್ಲಿ 180 ಫಿಸಿಕ್ಸ್‌ನದು. ಕಾಲೇಜಿನ ಫಿಸಿಕ್ಸೇ ಕೈಗೆ ಹತ್ತದವನಿಗೆ ಅದರ ಮೇಲೆ ನೀಟ್ ಲೆಕ್ಕ ಹೇರಿದರೆ ಎರಡೂ ಹೋಗುತ್ತವೆ. ಇಂಥ ಕಾಲೇಜುಗಳಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ಕ್ಲಾಸು, ವಾರಕ್ಕೊಂದು ಟೆಸ್ಟು, ನೋಟಿಸ್ ಬೋರ್ಡಿನಲ್ಲಿ ರ‍್ಯಾಂಕ್ ಪಟ್ಟಿ. ಕೋಚಿಂಗ್ ವೇಗದಲ್ಲೇ ಪಾಠವೂ ಓಡುತ್ತದೆ. ಹಿಂದೆ ಬಿದ್ದವನನ್ನು ನಿಂತು ನೋಡುವವರಿಲ್ಲ. ಕೋಚಿಂಗ್ ಬಿಟ್ಟು ರೆಗ್ಯುಲರ್ ಬ್ಯಾಚ್‌ಗೆ ಹಾಕಿ ಅಂತ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೇಳಿ. ಹಾಸ್ಟೆಲ್ಲೇ ಆಗದು ಅಂದರೆ ಊರಿಂದ ಬಸ್ಸಿನಲ್ಲಿ ಓಡಾಡುವುದಕ್ಕೂ ಒಪ್ಪಿ. ಹಾಜರಾತಿ ಶೇ 75 ಇರಲೇಬೇಕು, ಇಲ್ಲದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ಎಷ್ಟು ದಿನದಿಂದ ಮನೆಯಲ್ಲಿದ್ದಾನೆ ಅನ್ನುವುದನ್ನು ಇವತ್ತೇ ಎಣಿಸಿ.

ಈ ನಾಲ್ಕು ತಿಂಗಳಲ್ಲಿ ಕಂಡುಹಿಡಿಯಬೇಕಾದ್ದು ಒಂದೇ. ಅವನಿಗೆ ತೊಡಕಾಗಿರುವುದು ವಿಷಯವೋ, ಇಂಗ್ಲಿಷೋ? ನಿಮ್ಮ ಮಗನಂಥ ಮಕ್ಕಳ ವಿಚಾರದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಹತ್ತು ವರ್ಷ ವೇಗೋತ್ಕರ್ಷ, ಗುರುತ್ವ, ಬಹುಪದೋಕ್ತಿ ಅಂತ ಓದಿದವನಿಗೆ ಒಂದೇ ಜೂನ್‌ನಲ್ಲಿ ಎಲ್ಲದರ ಹೆಸರೂ ಬದಲಾಗುತ್ತದೆ. ಲೆಕ್ಚರರ್ ಇಂಗ್ಲಿಷಿನಲ್ಲಿ ಓಡುತ್ತಿರುತ್ತಾರೆ, ಪುಸ್ತಕ ಎನ್‌ಸಿಇಆರ್‌ಟಿಯದು. ಮ್ಯಾಥ್ಸ್‌ನಲ್ಲಂತೂ ನೆಗೆತ ದೊಡ್ಡದು. ಎಸ್‌ಎಸ್‌ಎಲ್‌ಸಿಯಲ್ಲಿ ರಚನೆ, ನಕ್ಷೆ, ಸರಾಸರಿ ಅಂತ ಅಭ್ಯಾಸದ ಬಲದಿಂದಲೇ ಒಳ್ಳೆ ಅಂಕ ಬರುತ್ತದೆ. ಪ್ರಥಮ ಪಿಯುನಲ್ಲಿ ತ್ರಿಕೋನಮಿತಿ, ಕಾಂಪ್ಲೆಕ್ಸ್ ನಂಬರ್, ಲಿಮಿಟ್ ಬಂದಾಗ ಬಾಯಿಪಾಠ ನಡೆಯುವುದಿಲ್ಲ.

ಪರೀಕ್ಷೆ ಮಾಡಿ ನೋಡುವುದು ಸುಲಭ. ಊರಿನ ಹೈಸ್ಕೂಲ್ ವಿಜ್ಞಾನ ಮೇಷ್ಟ್ರ ಹತ್ತಿರ ಒಂದು ಭಾನುವಾರ ಕೂರಿಸಿ. ಕಲ್ಲನ್ನು ನೇರ ಮೇಲಕ್ಕೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಎಸೆದರೆ ಎಷ್ಟು ಎತ್ತರ ಹೋಗುತ್ತದೆ, ಗುರುತ್ವ ವೇಗೋತ್ಕರ್ಷ 10 ಅಂತ ಇಟ್ಟುಕೋ, ಅಂತ ಕನ್ನಡದಲ್ಲಿ ಕೇಳಲಿ. ಇದು ಪ್ರಥಮ ಪಿಯುನ ಮೊದಲ ಅಧ್ಯಾಯಗಳ ಲೆಕ್ಕ, ಉತ್ತರ 20 ಮೀಟರ್. ಅದು ಬಂದರೆ ಸಾಲದು, ಮೇಲೆ ಹೋಗ್ತಾ ವೇಗ ಯಾಕೆ ಕಡಿಮೆ ಆಗುತ್ತೆ ಅಂತ ಅವನ ಮಾತಿನಲ್ಲೇ ಹೇಳಬೇಕು. ಇಂಥ ಐದಾರು ಲೆಕ್ಕ ಕೊಡಲಿ. ಕನ್ನಡದಲ್ಲಿ ಕೇಳಿದಾಗ ಸಲೀಸಾಗಿ ಹೇಳಿ, ಕಾಲೇಜಿನ ಪ್ರಶ್ನೆಪತ್ರಿಕೆ ನೋಡಿದಾಗ ತಡವರಿಸಿದರೆ ಅವನ ತಲೆಗೆ ಏನೂ ಆಗಿಲ್ಲ, ಅವನಿಗೆ ಬೇಕಿರುವುದು ಭಾಷೆಯ ಸಹಾಯ. ದ್ವಿತೀಯ ಪಿಯು ಸೈನ್ಸ್ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ, ಕನ್ನಡದಲ್ಲೇ ಬರೆಯಬಹುದು. ಅಷ್ಟೇಕೆ, ನೀಟ್ ಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ಇದನ್ನು ಎಷ್ಟೋ ಕಾಲೇಜುಗಳು ಮಕ್ಕಳಿಗೆ ಹೇಳುವುದೇ ಇಲ್ಲ.

ಕನ್ನಡದಲ್ಲಿ ಕೇಳಿದರೂ ತಲೆಗೆ ಹೋಗುತ್ತಿಲ್ಲ, ಕೇಳುವ ಆಸೆಯೂ ಇಲ್ಲ ಅಂದರೆ ಅದು ಬೇರೆ ಮಾತು. ಆಗ ಸೈನ್ಸ್ ಬಿಡುವ ಯೋಚನೆ ಸರಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ಬರೆದುಕೊಳ್ಳಿ, ಯಜಮಾನರಿಗೂ ತೋರಿಸಿ. ಎಸ್‌ಎಸ್‌ಎಲ್‌ಸಿ ಮುಗಿದ ದಿನದಿಂದ ಎಣಿಸುತ್ತಿದ್ದೇನೆ, ಈ ವರ್ಷವನ್ನೂ ಸೇರಿಸಿ. ಮುಂದಿನ ಜೂನ್‌ನಲ್ಲಿ ಐಟಿಐ ಸೇರಿದರೆ ಒಂದು ಮತ್ತು ಎರಡು, ಮೂರು ವರ್ಷಕ್ಕೆ ಸರ್ಟಿಫಿಕೇಟ್ ಕೈಯಲ್ಲಿ. ಪಾಲಿಟೆಕ್ನಿಕ್‌ನಲ್ಲಿ ಮೊದಲ ವರ್ಷದಿಂದ ಡಿಪ್ಲೊಮಾ ಮಾಡಿದರೆ ಒಂದು ಮತ್ತು ಮೂರು, ನಾಲ್ಕು. ಪಿಯು ಸೈನ್ಸ್ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಿದರೆ ಎರಡು ಮತ್ತು ಎರಡು, ಅದೂ ನಾಲ್ಕೇ. ಇದಕ್ಕೆ ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಪಿಯು ಸೈನ್ಸ್ ಪಾಸಾದವರಿಗೂ ಎರಡು ವರ್ಷದ ಐಟಿಐ ಪಾಸಾದವರಿಗೂ ಈ ದಾರಿ ಇದೆ.

ಅಂದರೆ ಡಿಪ್ಲೊಮಾ ಮಾಡುವುದೇ ಗುರಿಯಾದರೆ, ಈಗ ಪಿಯು ಬಿಟ್ಟರೂ ಮುಗಿಸಿದರೂ ಡಿಪ್ಲೊಮಾ ಸಿಗುವ ವರ್ಷ ಒಂದೇ. ವ್ಯತ್ಯಾಸ ಏನಪ್ಪಾ ಅಂದರೆ, ಮುಗಿಸಿದವನ ಕೈಯಲ್ಲಿ ಪಿಯು ಮಾರ್ಕ್ಸ್ ಕಾರ್ಡೂ ಇರುತ್ತದೆ. ಬಿಎಸ್ಸಿ, ಬಿಸಿಎ, ಜಿಎನ್‌ಎಂ ನರ್ಸಿಂಗ್, ಪಿಯು ಕೇಳುವ ಸರ್ಕಾರಿ ಕೆಲಸ, ಎಲ್ಲಕ್ಕೂ ಅದು ಬರುತ್ತದೆ. ಆದರೆ ಪಾಸಾಗಬೇಕಲ್ಲ? ಫಿಸಿಕ್ಸ್, ಮ್ಯಾಥ್ಸ್‌ನಲ್ಲಿ ಮುಗ್ಗರಿಸುತ್ತಲೇ ಹೋದರೆ ಎರಡು ವರ್ಷ ಮೂರಾಗುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ಭಾಷೆಯೋ ವಿಷಯವೋ ಅನ್ನುವುದು ಮೊದಲು ಗೊತ್ತಾಗಬೇಕು ಅಂದದ್ದು. ದ್ವಿತೀಯ ಪಿಯುಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ, ಅವುಗಳಲ್ಲಿ ಜಾಸ್ತಿ ಬಂದ ಅಂಕವೇ ಉಳಿಯುತ್ತದೆ. ಅಷ್ಟರ ಮಟ್ಟಿಗೆ ಭಯ ಕಡಿಮೆ.

ಎಂಜಿನಿಯರಿಂಗ್ ತನಕ ಹೋಗುವುದಾದರೆ: ಪಿಯು ಮುಗಿಸಿ ನೇರ ಬಿಇ, ಒಟ್ಟು ಆರು ವರ್ಷ. ಡಿಪ್ಲೊಮಾ ಮಾಡಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಡಿಪ್ಲೊಮಾ ಆದವರಿಗೆ ನಡೆಸುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದರೆ ಏಳು. ಐಟಿಐ, ಆಮೇಲೆ ಡಿಪ್ಲೊಮಾ ಎರಡನೇ ವರ್ಷ, ಆಮೇಲೆ ಬಿಇ ಎರಡನೇ ವರ್ಷ ಅಂದರೆ ಎಂಟು. ಐಟಿಐ ಸೇರಿದವನಿಗೂ ಎಂಜಿನಿಯರ್ ಆಗುವ ದಾರಿ ಮುಚ್ಚಿಲ್ಲ, ಎರಡು ವರ್ಷ ಸುತ್ತು, ಅಷ್ಟೇ. ನಡುವೆ ಎಲ್ಲಿ ನಿಂತರೂ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ. ಮುಚ್ಚಿಹೋಗುವುದು ಡಾಕ್ಟರ್ ದಾರಿ. ಎಂಬಿಬಿಎಸ್‌ಗೆ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು, ಐಟಿಐ ಅಥವಾ ಡಿಪ್ಲೊಮಾದಿಂದ ಅಲ್ಲಿಗೆ ಹೋಗಲು ಆಗದು. ಇದು ಅವನಿಗೂ ಗೊತ್ತಿರಲಿ, ಅವರಪ್ಪನಿಗೂ ಗೊತ್ತಿರಲಿ. ಆಮೇಲೆ ಯಾರೂ ಯಾರನ್ನೂ ದೂರಬಾರದು.

ಕಾಮರ್ಸ್, ಆರ್ಟ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರಥಮ ಪಿಯು ಸೈನ್ಸ್ ಪಾಸಾದವನನ್ನು ದ್ವಿತೀಯ ಪಿಯುನಲ್ಲಿ ಕಾಮರ್ಸ್‌ಗೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮತ್ತೆ ಪ್ರಥಮ ವರ್ಷದಿಂದಲೇ ಶುರು ಮಾಡಬೇಕು. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಖುಷಿಯಾಗಿರುವ ಹುಡುಗನಿಗೆ ನಾನಂತೂ ಅಕೌಂಟೆನ್ಸಿ ಸೂಚಿಸುವುದಿಲ್ಲ.

ಈ ಸ್ಟಾರ್ಟರ್ ರಿಪೇರಿ ಇದೆಯಲ್ಲ, ಅದನ್ನು ಹಗುರವಾಗಿ ನೋಡಬೇಡಿ. ಹಾಗಂತ ಅದೊಂದನ್ನೇ ನಂಬಿ ಹೊರಡಲೂ ಬೇಡಿ. ಅವನು ಎಲೆಕ್ಟ್ರಿಷಿಯನ್ ಕೆಲಸದ ಕಡೆಗೆ ಹೋಗುತ್ತಿದ್ದಾನೋ, ಫಿಸಿಕ್ಸ್‌ನಿಂದ ಓಡುತ್ತಿದ್ದಾನೋ? ಓಡುತ್ತಿದ್ದರೆ ಒಂದು ಸಮಸ್ಯೆ ಇದೆ. ಎಲೆಕ್ಟ್ರಿಷಿಯನ್ ಟ್ರೇಡ್ ಥಿಯರಿ ತೆರೆದರೆ ಓಮನ ನಿಯಮ, ಎಸಿ ಸರ್ಕ್ಯೂಟ್, ಟ್ರಾನ್ಸ್‌ಫಾರ್ಮರ್, ಮೋಟಾರ್ ಅಂತ ಬರೀ ಫಿಸಿಕ್ಸೇ. ವರ್ಕ್‌ಶಾಪ್ ಲೆಕ್ಕ ಅಂತ ಗಣಿತವೂ ಇದೆ. ಅಲ್ಲಿ ಅದು ತಂತಿ, ಮೀಟರ್ ಕೈಯಲ್ಲಿಟ್ಟುಕೊಂಡು ಕಲಿಯುವಂಥದ್ದು, ಆ ಕಾರಣಕ್ಕೇ ಕೆಲವರಿಗೆ ಅಲ್ಲಿ ಥಟ್ಟನೆ ಅರ್ಥವಾಗುತ್ತದೆ. ಡಿಪ್ಲೊಮಾದಲ್ಲಿ ಗಣಿತ ಇನ್ನೂ ಜಾಸ್ತಿ. ಮೊದಲ ವರ್ಷದ ಮ್ಯಾಥ್ಸ್ ಬ್ಯಾಕ್ ಉಳಿಸಿಕೊಂಡು ಒದ್ದಾಡುವವರನ್ನು ಯಾವ ಪಾಲಿಟೆಕ್ನಿಕ್‌ನಲ್ಲಿ ಬೇಕಾದರೂ ನೋಡಬಹುದು.

ಹಾಗಾಗಿ ರಜೆ ನೋಡಿಕೊಂಡು ಅವನನ್ನು ಗುರುತಿನ ವೈರಿಂಗ್ ಕಂಟ್ರಾಕ್ಟರ್ ಜೊತೆ ಕೆಲಸಕ್ಕೆ ಕಳಿಸಿ. ಒಂದು ದಿನ ಸಾಲದು, ಒಂದು ವಾರ ಹೋಗಲಿ. ಗೋಡೆ ಕೊರೆಯುವುದು, ಪೈಪ್ ಎಳೆಯುವುದು, ಬಿಸಿಲಿನಲ್ಲಿ ನಿಲ್ಲುವುದು, ಎಲ್ಲ ನೋಡಲಿ. ಮುಖ್ಯ ಲೈನಿನ ಹತ್ತಿರ ಬಿಡಬೇಡಿ ಅಂತ ಅವರಿಗೆ ಹೇಳಿ. ವಾರದ ಕೊನೆಗೆ "ಇನ್ನೂ ಹೋಗ್ತೀನಿ" ಅಂದರೆ ನಂಬಬಹುದು.

ಐಟಿಐ ಅಂತ ತೀರ್ಮಾನವಾದರೆ ಎರಡು ಎಚ್ಚರಿಕೆ. ಟ್ರೇಡ್ ಎರಡು ವರ್ಷದ್ದೇ ಆಗಿರಲಿ: ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಇಂಥವು. ಒಂದು ವರ್ಷದ ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್) ಬೇಗ ಮುಗಿಯುತ್ತವೆ ನಿಜ, ಆದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಅವು ಸೇತುವೆ ಆಗುವುದಿಲ್ಲ. ಇನ್ನೊಂದು, ಆ ಐಟಿಐನಲ್ಲಿ ಆ ಟ್ರೇಡ್‌ಗೆ ಎನ್‌ಸಿವಿಟಿ (ವೃತ್ತಿ ತರಬೇತಿಯ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ನೋಡಿ. ರೈಲ್ವೆ, ಕೇಂದ್ರದ ಕಾರ್ಖಾನೆಗಳು ಹೆಚ್ಚಾಗಿ ಅದನ್ನು ಕೇಳುತ್ತವೆ. ಬೋರ್ಡ್ ಮೇಲೆ ಬರೆದಿದ್ದರೆ ಸಾಲದು, ಟ್ರೇಡ್ ಹೆಸರು ಹಿಡಿದು ಕೇಳಿ. ಮೊದಲ ಆಯ್ಕೆ ಸರ್ಕಾರಿ ಐಟಿಐ ಇರಲಿ. ಫೀಸು ತೀರಾ ಕಡಿಮೆ, ಸೀಟು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ, ಶೇ 78 ಇದ್ದವನಿಗೆ ಬೇಕಾದ ಟ್ರೇಡ್ ಸಿಗುವ ಸಾಧ್ಯತೆ ಚೆನ್ನಾಗಿದೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರ, ರೋಬೊಟಿಕ್ಸ್, ಎಲೆಕ್ಟ್ರಿಕ್ ವಾಹನದ ಲ್ಯಾಬ್ ಕೊಟ್ಟಿದ್ದಾರೆ. ಲ್ಯಾಬ್ ಇದೆಯಾ ಅಂತ ಆಫೀಸಿನಲ್ಲಿ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ. ಗೇಟಿನ ಹೊರಗೆ ಚಹಾ ಕುಡಿಯುತ್ತಾ ನಿಂತ ಎರಡನೇ ವರ್ಷದ ಹುಡುಗರನ್ನು ಕೇಳಿ, ಆ ಯಂತ್ರ ಮುಟ್ಟಿದ್ದೀರಾ ಅಂತ.

ಅವರಪ್ಪನ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಪೂರ್ತಿ ತಪ್ಪಿಲ್ಲ. ಐಟಿಐ ಮುಗಿಸಿ ಗುತ್ತಿಗೆ ಮೇಲೆ ಫ್ಯಾಕ್ಟರಿಗೆ ಸೇರಿದವರ ಮೊದಲ ಕೆಲವು ವರ್ಷದ ಸಂಬಳ ನೋಡಿದರೆ ಯಾವ ತಂದೆಗೂ ಬೇಸರವೇ. ಹಾಳಾದ ಐಟಿಐಗಳೂ ಇವೆ, ಹಾಜರಿ ಇಲ್ಲದೆ ಸರ್ಟಿಫಿಕೇಟ್ ಕೊಡುವವೂ ಇವೆ. ಆದರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಹುಬ್ಬಳ್ಳಿ, ಮೈಸೂರು ರೈಲ್ವೆ ವರ್ಕ್‌ಶಾಪ್‌ಗಳಿಗೆ ನೈಋತ್ಯ ರೈಲ್ವೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವಾಗ ಪರೀಕ್ಷೆ ಇಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಮತ್ತು ಐಟಿಐ ಅಂಕಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. ವಯಸ್ಸು 15ರಿಂದ 24. ನಿಮ್ಮ ಮಗನ ಆ ಶೇ 78, ಯಾರೂ ಲೆಕ್ಕಕ್ಕಿಟ್ಟಿಲ್ಲದ ಅಂಕ, ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳಲ್ಲೂ ಐಟಿಐನವರಿಗೆ ಅಪ್ರೆಂಟಿಸ್ ಅವಕಾಶ ಇದೆ, ಸ್ಟೈಪೆಂಡ್ ಕೊಡುತ್ತಾರೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೂ ಹತ್ತನೇ ತರಗತಿ ಜೊತೆ ಐಟಿಐ ಸಾಕು, ಅದಕ್ಕೆ ಪರೀಕ್ಷೆ ಮಾತ್ರ ಕಠಿಣ. ಪಿಯು ಸರ್ಟಿಫಿಕೇಟ್ ಇಲ್ಲ ಅನ್ನುವ ಕೊರಗು ಉಳಿದರೆ ಐಟಿಐ ಆದ ಮೇಲೆ ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಭಾಷೆ ಸೇರಿ ಬೇಕಾದ ವಿಷಯ ಬರೆದು ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ತೆಗೆದುಕೊಳ್ಳಬಹುದು.

ಒಂದು ಕಾಲಕ್ಕೆ ನಮ್ಮ ಪಿಯು ಕಾಲೇಜುಗಳಲ್ಲೇ ಜೆಒಸಿ ಅಂತ ವೃತ್ತಿ ಕೋರ್ಸ್‌ಗಳಿದ್ದವು. ಒಂದೇ ಕಟ್ಟಡದಲ್ಲಿ ಪಿಯು ಮಕ್ಕಳೂ ಜೆಒಸಿ ಮಕ್ಕಳೂ ಓದುತ್ತಿದ್ದರು. ಅವನ್ನು ಮುಚ್ಚಿದರು. ಈಗ ಕೆಲವೇ ಕಾಲೇಜುಗಳಲ್ಲಿ ಎನ್‌ಎಸ್‌ಕ್ಯೂಎಫ್ ಹೆಸರಿನಲ್ಲಿ ರೀಟೇಲ್, ಆಟೊಮೊಬೈಲ್, ಹೆಲ್ತ್‌ಕೇರ್ ಇವೆ. ಜೆಒಸಿ ಇನ್ನೂ ಇದ್ದಿದ್ದರೆ ನಿಮ್ಮ ಮನೆಯಲ್ಲಿ ಇಷ್ಟು ಜಗಳ ಆಗುತ್ತಿರಲಿಲ್ಲವೇನೋ.

ನನ್ನನ್ನು ಕೇಳಿದರೆ, ಭಾಷೆಯೇ ತೊಡಕು ಅಂತ ಗೊತ್ತಾದರೆ ಸೈನ್ಸ್ ಬಿಡಿಸುವುದಿಲ್ಲ. ಪ್ರಥಮ ಪಿಯು ಪಾಸಾಗಲಿ, ದ್ವಿತೀಯಕ್ಕೆ ರಾಣೇಬೆನ್ನೂರಿನಲ್ಲೋ ಹಾವೇರಿಯಲ್ಲೋ ಅದೇ ಕಾಂಬಿನೇಷನ್ ಇರುವ, ಕನ್ನಡದಲ್ಲೂ ಬಿಡಿಸಿ ಹೇಳುವ ಲೆಕ್ಚರರ್‌ಗಳಿರುವ ಕಾಲೇಜಿಗೆ ಬದಲಾಯಿಸುತ್ತೇನೆ. ಅದಕ್ಕೆ ಅನುಮತಿ ಬೇಕು, ಜಿಲ್ಲೆಯ ಪಿಯು ಇಲಾಖೆ ಉಪನಿರ್ದೇಶಕರ (ಡಿಡಿಪಿಯು) ಕಚೇರಿಯಲ್ಲಿ ವಿಚಾರಿಸಿ. ಆಮೇಲೆ ಬಿಇ ಬೇಕಾದರೆ ಸಿಇಟಿ ಬರೆಯಲಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡೂ ಇದೆ. ಆ ಸರ್ಟಿಫಿಕೇಟ್‌ಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು, ಕೊನೆ ಗಳಿಗೆಯವರೆಗೆ ಕಾಯಬೇಡಿ.

ವಿಷಯವೇ ಬೇಡವಾಗಿದ್ದರೆ, ಐಟಿಐ ಮತ್ತು ಡಿಪ್ಲೊಮಾ ನಡುವೆ ನನ್ನ ಒಲವು ಡಿಪ್ಲೊಮಾ ಎಲೆಕ್ಟ್ರಿಕಲ್ ಕಡೆಗೆ. ಒಂದೇ ವರ್ಷ ಜಾಸ್ತಿ, ಆದರೆ ಜೂನಿಯರ್ ಎಂಜಿನಿಯರ್ (ಜೆಇ) ಹುದ್ದೆಗಳಿಗೆ ಅರ್ಜಿ ಹಾಕಬಹುದು, ಡಿಸಿಇಟಿ ಬಾಗಿಲೂ ತೆರೆದಿರುತ್ತದೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ವರ್ಷದ ಫೀಸು ಕೆಲವೇ ಸಾವಿರ. ದಾವಣಗೆರೆಯ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ನಿಮಗೆ ದೂರವಲ್ಲ. ಯಂತ್ರದ ಕೆಲಸವೂ ಇಷ್ಟ ಇದ್ದರೆ ಹರಿಹರದಲ್ಲಿ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಅವರ ಟೂಲ್ ಅಂಡ್ ಡೈ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಅಲ್ಲಿ ದಿನಪೂರ್ತಿ ಕೆಲಸ ಮಾಡಿಸುತ್ತಾರೆ. ಕೈಕೆಲಸ ಇಷ್ಟಪಡುವ ಮಕ್ಕಳಿಗೆ ಅದು ಹೇಳಿ ಮಾಡಿಸಿದ ಜಾಗ. ಮನೆಗೆ ಬೇಗ ಸಂಪಾದನೆ ಬೇಕೇ ಬೇಕು, ಅಥವಾ ಗಣಿತದ ಹೆಸರೆತ್ತಿದರೆ ಹುಡುಗ ನಡುಗುತ್ತಾನೆ ಅಂದರೆ ಐಟಿಐಗೇ ಹಾಕಿ, ಹಿಂಜರಿಯಬೇಡಿ.

ಕಟ್ಟಿದ ಒಂದೂವರೆ ಲಕ್ಷ ವಾಪಸ್ ಬರುತ್ತದೆ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಕೋಚಿಂಗ್ ಮತ್ತು ಹಾಸ್ಟೆಲ್‌ನ ಬಾಕಿ ತಿಂಗಳ ಹಣ ಕೇಳಿ ನೋಡಿ, ಬರವಣಿಗೆಯಲ್ಲಿ ಕೇಳಿ, ರಸೀದಿಗಳನ್ನು ಜೋಪಾನವಾಗಿಡಿ. ಕೊಟ್ಟುಬಿಟ್ಟ ದುಡ್ಡಿನ ಕಾರಣಕ್ಕೆ ಎರಡನೇ ವರ್ಷಕ್ಕೂ ಅಷ್ಟೇ ಕಟ್ಟುವುದು ಮಾತ್ರ ಬೇಡ. ಕೆಲವು ಕಾಲೇಜುಗಳು ಎರಡನೇ ವರ್ಷದ ಫೀಸೂ ಕಟ್ಟಿದರೆ ಮಾತ್ರ ಟಿಸಿ ಅನ್ನುತ್ತವೆ, ಎಸ್‌ಎಸ್‌ಎಲ್‌ಸಿ ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಸತಾಯಿಸುತ್ತವೆ. ಹಾಗಾದರೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಆ ಪ್ರತಿ ಹಿಡಿದು ದಾವಣಗೆರೆಯ ಡಿಡಿಪಿಯು ಕಚೇರಿಗೆ ಹೋಗಿ. ಅಲ್ಲಿಯವರೆಗೆ ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿ ಸಿಗುತ್ತದೆ, ಆನ್‌ಲೈನ್ ಅರ್ಜಿಗೆ ಅದು ಸಾಕು.

ಸ್ಕಾಲರ್‌ಶಿಪ್‌ನಲ್ಲಿ ರೈತರ ಮಕ್ಕಳಿಗೆ ಅಂತ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಗಿತ್ತು, ಈಗಲೂ ಸಿಗುತ್ತದಾ ಅಂತ ವಿಚಾರಿಸಿ. ಪಿಯು, ಐಟಿಐ, ಡಿಪ್ಲೊಮಾ ಯಾವುದಾದರೂ ಹುಡುಗರಿಗೆ ವರ್ಷಕ್ಕೆ 2,500 ರೂಪಾಯಿ, ಹುಡುಗಿಯರಿಗೆ 3,000 ಅಂತ ನಿಗದಿ ಮಾಡಿದ್ದರು. ದೊಡ್ಡ ಮೊತ್ತವಲ್ಲ, ಪುಸ್ತಕದ ಖರ್ಚಿಗಾಗುತ್ತದೆ. ಜಾತಿ, ಆದಾಯದ ಮೇಲೆ ಸಿಗುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ. ನೀವು ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸೀಟು ಸಿಗದಿದ್ದರೆ ವಿದ್ಯಾಸಿರಿ ಯೋಜನೆಯನ್ನೂ ವಿಚಾರಿಸಿ, ಊಟ ಮತ್ತು ವಸತಿಗೆ ವರ್ಷದಲ್ಲಿ ಹತ್ತು ತಿಂಗಳು ಹಣ ಕೊಡುವ ಯೋಜನೆ ಅದು. ಹಣ ಬರದೇ ಇರುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ. ಮಗನ ಹೆಸರಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಆಧಾರ್‌ನಲ್ಲಿರುವ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇರುತ್ತದೆ. ಮಾರ್ಚ್ ಒಳಗೆ ಇವೆರಡನ್ನೂ ಸರಿಮಾಡಿಸಿ, ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪತ್ರ ತೆಗೆಸಿಡಿ. ಜೂನ್‌ನಲ್ಲಿ ಅಲ್ಲಿ ಸಾಲು ಉದ್ದ ಇರುತ್ತದೆ.